ಬ್ರಹ್ಮಾಂಡದ ನಡುವೆ ಫೋಟೋ ಜಾಗ

ನಮ್ಮ ಸೀಮೆಯಲ್ಲಿ ಸತ್ತವರು ಸ್ವರ್ಗಕ್ಕೋ ನರಕಕ್ಕೋ ಹೋಗುವ ಪದ್ಧತಿ ನಿಂತು ಬಹಳ ಕಾಲವಾಯಿತು. ಈಗ ಎಲ್ಲರೂ ಸೀದಾ ಅಂತರಿಕ್ಷಕ್ಕೇ ಹೋಗುತ್ತಾರೆ. ನಂಬಿಕೆ ಬಾರದಿದ್ದರೆ ಮಧುಗಿರಿಯಿಂದ ಪಾವಗಡದವರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಊರೂರ ಬಾಗಿಲಲ್ಲೂ ಶ್ರದ್ಧಾಂಜಲಿಯ ಫ್ಲೆಕ್ಸ್. ಕುರಿ ಕಾಯುತ್ತಿದ್ದ ಅಜ್ಜ, ಕಡಲೆಕಾಯಿ ಮಂಡಿಯ ಯಜಮಾನರು, ಪಂಚಾಯ್ತಿಯ ಮಾಜಿ ಸದಸ್ಯರು, ಎಲ್ಲರ ಬೆನ್ನ ಹಿಂದೆಯೂ ನೀಲಿ ನೇರಳೆಯ ನಕ್ಷತ್ರಪುಂಜ. ಬದುಕಿದ್ದಾಗ ತುಮಕೂರು ದಾಟದವರೂ ಅಲ್ಲಿ ಹಾಯಾಗಿ ನಗುತ್ತಿರುತ್ತಾರೆ.

ಇದನ್ನು ತಮಾಷೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಏಕೆಂದರೆ ನಾನೂ ನಕ್ಷತ್ರಪುಂಜ ಮಾಡುವವನೇ. ಹೊಟ್ಟೆಪಾಡಿಗೆ ಮಧುಗಿರಿಯ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಉಳಿದ ಹೊತ್ತಿನಲ್ಲಿ ಹಳೇ ಕಂಪ್ಯೂಟರಿನ ಮುಂದೆ ಕೂತು ಫ್ರ್ಯಾಕ್ಟಲ್ ಚಿತ್ರ ಮಾಡುತ್ತೇನೆ. ಹೆಸರಿಗೆ ಹೆದರಬೇಡಿ. ಒಂದು ಪುಟ್ಟ ಸಮೀಕರಣ. ಅದು ಕೊಟ್ಟ ಉತ್ತರವನ್ನು ಮತ್ತೆ ಅದಕ್ಕೇ ತಿನ್ನಿಸುವುದು, ಬಂದದ್ದನ್ನು ಮತ್ತೆ ತಿನ್ನಿಸುವುದು. ಹೀಗೆ ಬೇಸರವಿಲ್ಲದೆ ಮಾಡುತ್ತಾ ಬಿಂದುಗಳಿಗೆ ಬಣ್ಣ ಕೊಟ್ಟರೆ ತೆರೆಯ ಮೇಲೊಂದು ಸುರುಳಿ, ಸುರುಳಿಯೊಳಗೆ ಮರಿಸುರುಳಿ, ಅದರೊಳಗೆ ಅದರ ಮರಿ. ಹುಣಸೆಮರದ ಕೊಂಬೆಯೊಂದನ್ನು ಮುರಿದು ನೆಟ್ಟಗೆ ಹಿಡಿದರೆ ಅದೂ ಒಂದು ಮರವೇ ಅಲ್ಲವೇ? ಮಧುಗಿರಿ ಬೆಟ್ಟದ ಚೂರೊಂದನ್ನು ಕಣ್ಣಿನ ಹತ್ತಿರ ತಂದರೆ ಅದೂ ಬೆಟ್ಟವೇ. ದೇವರೂ ನನ್ನ ಹಾಗೆ ಒಂದೇ ಲೆಕ್ಕವನ್ನು ಪದೇ ಪದೇ ಮಾಡಿಕೊಂಡು ಕೂತವನೆಂದು ನನಗೆ ಅನುಮಾನ. ಮಾಡಿದ್ದನ್ನು ನೋಡುವವರಿಲ್ಲದೆ ಬೇಸತ್ತು ಆಮೇಲೆ ಮನುಷ್ಯರನ್ನು ಮಾಡಿರಬೇಕು.

ನನ್ನ ಗೋಳೂ ಅದೇ. ನೋಡುವವರಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಗೆಳೆಯರೊಬ್ಬರಿಗೆ ಒಮ್ಮೆ ತೋರಿಸಿದೆ. "ಕಂಪ್ಯೂಟ್ರೇ ಮಾಡುತ್ತಲ್ಲ ಸಾರ್, ನಿಮ್ದೇನೈತೆ ಅದ್ರಲ್ಲಿ?" ಎಂದರು. ಈಗಂತೂ ಏನು ತೋರಿಸಿದರೂ ಮೊದಲ ಮಾತೇ "ಎಐನಾ?" ನನ್ನ ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡೇ "ಚೆಂದಾಗೈತೆ" ಎನ್ನುತ್ತಾಳೆ. ನನಗೆ ಹೊಗಳಿಕೆ ಬೇಡ. ಯಾರಾದರೂ ಒಬ್ಬರು, ಬಸ್ಸಿಗೆ ಕಾಯುವಷ್ಟು ಹೊತ್ತು, ನನ್ನ ಚಿತ್ರದ ಮುಂದೆ ನಿಂತು ನೋಡಲಿ ಎಂಬುದಷ್ಟೇ ಆಸೆ. ಅಷ್ಟೂ ಸಿಗದೆ ಹೋದಾಗ ಮನುಷ್ಯ ಕಹಿಯಾಗುತ್ತಾನೆ. ನಾನು ಆಗಿದ್ದೇನೆ.

ಈಚೆಗೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಂದು ಚಿತ್ರ ತೂಗುಹಾಕಲು ನನಗೆ ಜಾಗ ಕೊಟ್ಟರು. ಬೇಸಿಗೆ ರಜೆಯೆಲ್ಲ ಕೂತು ತಿದ್ದಿದ್ದ ಚಿತ್ರವನ್ನೇ ಆರಿಸಿದೆ. ಕಿತ್ತಳೆ, ಬೂದಿ, ನೇರಳೆಯ ಸುರುಳಿಗಳು ಸುತ್ತುತ್ತ ಸುತ್ತುತ್ತ ಒಳಕ್ಕೆ ಜಾರಿ, ನಡುವೆ ಒಂದು ದುಂಡನೆಯ ಕಪ್ಪಿನಲ್ಲಿ ಮುಗಿಯುತ್ತವೆ. ಆ ಕಪ್ಪೇ ಚಿತ್ರದ ಜೀವ. ಅದರ ಅಂಚು ಹದಕ್ಕೆ ಬರುವಷ್ಟರಲ್ಲಿ ನನಗೆ ಕನ್ನಡಕದ ನಂಬರು ಬದಲಾಯಿತು. ಕೆಳಗೆ ನನ್ನ ಹೆಸರು ಬರೆದು, ಪೆನ್‌ಡ್ರೈವನ್ನು ಅಟೆಂಡರ್ ಕೈಯಲ್ಲಿ ಇಲಿಯಾಸನ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಇಲಿಯಾಸ್ ಶಿರಾದವನು, ಕೆಲಸದಲ್ಲಿ ಚುರುಕು. "ಮೇಷ್ಟ್ರುದು, ಕಾಲೇಜಿಗೆ ಕಟ್ಟಬೇಕಂತೆ" ಎಂದಷ್ಟೇ ಹೇಳಿ ಅಟೆಂಡರ್ ಬಂದುಬಿಟ್ಟನಂತೆ. ನಾನು ಹುಣಸೆಹಣ್ಣು ತರಲು ಹೆಂಡತಿಯ ಜೊತೆ ಅವಳ ತವರು ತೋವಿನಕೆರೆಗೆ ಹೋದೆ. ಅಲ್ಲಿ ಕರೆಂಟಿರಲಿಲ್ಲ, ಫೋನು ಸತ್ತಿತು.

ಸೋಮವಾರ ಅವಳನ್ನು ಅಲ್ಲೇ ಬಿಟ್ಟು, ಕೊರಟಗೆರೆ ಮೇಲೆ ಬಸ್ಸಿನಲ್ಲಿ ಬರುತ್ತಿದ್ದೇನೆ. ಕಾಲೇಜಿನ ಗೇಟು ದೂರದಲ್ಲಿರುವಾಗಲೇ ಕಂಡಿತು, ನನ್ನ ಚಿತ್ರ! ಆಳೆತ್ತರದ ಚಿತ್ರ, ಎರಡು ಕಂಬದ ನಡುವೆ. ಅಷ್ಟು ದೂರಕ್ಕೆ ಬಣ್ಣವಷ್ಟೇ ಕಾಣುತ್ತಿತ್ತು, ಅದು ಒಂದಿಷ್ಟೂ ಕೆಟ್ಟಿಲ್ಲ. ಅದರ ಮುಂದೆ ಜನ. ಹುಡುಗರು, ಹುಡುಗಿಯರು, ಸಹೋದ್ಯೋಗಿಗಳು, ಯಾರೂ ಮಾತಾಡದೆ ತಲೆಯೆತ್ತಿ ನೋಡುತ್ತಿದ್ದಾರೆ. ಭೌತಶಾಸ್ತ್ರದ ಗೆಳೆಯರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಬಸ್ಸು ನಿಲ್ಲುವವರೆಗೆ ನಾನು ಅನುಭವಿಸಿದ ಸಂತೋಷ ನನ್ನ ಶತ್ರುವಿಗೂ ಸಿಗಲಿ.

ಇಳಿದು ನೋಡಿದರೆ, ಆ ಕಪ್ಪಿನ ನಡುವೆ ನಾನು. ಅರ್ಜಿಗಳಿಗೆ ಅಂಟಿಸಲೆಂದು ಪೆನ್‌ಡ್ರೈವಿನಲ್ಲಿಟ್ಟಿದ್ದ ಪಾಸ್‌ಪೋರ್ಟ್ ಫೋಟೋ. ಆಚೀಚೆ ಎರಡು ದೀಪ, ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ", ಕೆಳಗೆ "ಮತ್ತೆ ಹುಟ್ಟಿ ಬನ್ನಿ".

ಹುಟ್ಟಿ ಬರುವ ತೊಂದರೆಯಿಲ್ಲದೆ ಬಸ್ಸಿನಲ್ಲೇ ಬಂದಿದ್ದೆನಲ್ಲ, ಒಬ್ಬ ಹುಡುಗಿ ಕಿರುಚಿದಳು. ನನ್ನ ಫೋನು ಸಿಗದೆ ಫ್ಲೆಕ್ಸನ್ನೇ ನಂಬಿ, ಸಂತಾಪ ಸಭೆಯ ಲೆಕ್ಕದಲ್ಲಿ ಘೋಷಿಸಿದ್ದ ಅರ್ಧ ದಿನದ ರಜೆಯನ್ನು ಪ್ರಾಂಶುಪಾಲರು ಅಲ್ಲೇ ವಾಪಸು ತೆಗೆದುಕೊಂಡರು. ಆಗ ವಿದ್ಯಾರ್ಥಿಗಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ.

ಇಲಿಯಾಸನ ಅಂಗಡಿಗೆ ಉರಿದುಕೊಂಡೇ ಹೋದೆ. ಅವನು ಎದ್ದು ನಿಂತು ನನ್ನ ಕೈ ಹಿಡಿದುಕೊಂಡ. "ಮಾಫ್ ಮಾಡಿ ಸಾರ್. ಹಿಂದೆ ನಕ್ಷತ್ರ, ಕೆಳಗೆ ಹೆಸ್ರು, ಮಧ್ಯ ರೌಂಡಾಗಿ ಫೋಟೋ ಜಾಗ. ಗ್ಯಾರಂಟಿ ಮಾಡ್ಕೊಳ್ಳಾಣ ಅಂತ ಫೋನ್ ಮಾಡುದ್ರೆ ನಿಮ್ದು ಸ್ವಿಚ್ ಆಫ್. ಇನ್ನೇನ್ ತಿಳ್ಕೊಳ್ಳಾದು, ನೀವೇ ಹೇಳಿ?" ಗಣಿತದ ಮೇಷ್ಟ್ರಾಗಿ ಈ ಪ್ರಮೇಯದ ಸಾಧನೆಯಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಫೋಟೋ ಇಲ್ಲದ ಇನ್ನೊಂದನ್ನು ಅವನೇ ಮಾಡಿಕೊಟ್ಟ. ವಾರ್ಷಿಕೋತ್ಸವದ ದಿನ ಅದನ್ನು ಸಭಾಂಗಣದಲ್ಲಿ ತೂಗುಹಾಕಿ, ನಾನು ಪಕ್ಕದಲ್ಲೇ ಕಾವಲು ನಿಂತೆ. ಜನ ಅದರ ಮುಂದೆ ಹಾದು ಊಟದ ಕಡೆ ಹೋದರು. ಪಾವಗಡದ ಕಡೆಯ ವಿದ್ಯಾರ್ಥಿಯೊಬ್ಬನ ತಂದೆ ಮಾತ್ರ ನಿಂತರು. ನಾನು ಒಂದು ಹೆಜ್ಜೆ ಮುಂದೆ ಬಂದೆ. "ಇದೇಂ ಸಾರ್, ಫೋಟೋ ಲೇದಾ ಇದ್ರಲ್ಲಿ? ಹಾಕಾದು ಮರ್ತೋದ್ರಾ?" ಎಂದು ತೆಲುಗು ಬೆರೆಸಿ ಕೇಳಿ ಅವರೂ ಹೋದರು. ನಾನು ಸತ್ತಿದ್ದಾಗ ಅಷ್ಟು ಹೊತ್ತು ನೋಡಿದ್ದ ಭೌತಶಾಸ್ತ್ರದ ಗೆಳೆಯರು ಬದುಕಿರುವವನ ಚಿತ್ರದ ಕಡೆ ತಿರುಗಲೂ ಇಲ್ಲ. ಅವರು ಅತ್ತದ್ದು ನನಗಾಗಿ ಎಂದು ಸಮಾಧಾನ ಪಡಬೇಕಿತ್ತು. ಪಡಲಿಲ್ಲ, ಚಿತ್ರಕ್ಕಾಗಿ ಅತ್ತಿದ್ದರೆ ಚೆನ್ನಾಗಿತ್ತು ಎಂದೇ ಈಗಲೂ ಅನ್ನಿಸುತ್ತದೆ.

ಮೊದಲಿನ ಫ್ಲೆಕ್ಸನ್ನು ಮನೆಗೆ ತಂದು ಮೂಲೆಗೆ ಎಸೆದಿದ್ದೆ. ತವರಿನಿಂದ ತಂದ ಹುಣಸೆಹಣ್ಣು ಒಣಹಾಕಲು ನನ್ನ ಹೆಂಡತಿ ಅದನ್ನು ತಾರಸಿಯ ಮೇಲೆ ಹಾಸಿದಳು. ಹಾಸಿದವಳು ಹಣ್ಣು ಸುರಿಯದೆ ಹಾಗೇ ನಿಂತಳು. ಒಲೆಯಿಲ್ಲ, ಅವಸರವಿಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಸುರುಳಿಗಳ ಸುತ್ತ ಒಂದು ಸುತ್ತು ನಡೆದು ಬಂದಳು.

"ಆ ಕಪ್ಪುನ್ನ ಅಂಗೇ ಬುಟ್ಟಿದ್ರೆ ಬಲೇ ಚೆಂದಾಗಿರದು," ಎಂದಳು. "ಒಳೀಕ್ ಎಳ್ಕೊಂಡೋಗಂಗೈತೆ. ನಿಮ್ ಮಕ ಬಂದು ಕೆಟ್ಟೋಯ್ತು."

ಇಷ್ಟು ವರ್ಷಗಳಲ್ಲಿ ನನ್ನ ಚಿತ್ರಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಅವಳು ಬೇರೆ ಗೋಣಿತಾಟು ತಂದು ಹಾಸಿ, ಫ್ಲೆಕ್ಸನ್ನು ಜೋಪಾನವಾಗಿ ಸುತ್ತತೊಡಗಿದಳು. ಅದೇಕೆ ಎಂದೆ.

"ಇರ್ಲಿ ಬುಡಿ. ಇನ್ನೊಂದ್ ಸಲ ಯಾಕ್ ಮಾಡ್ಸಾದು," ಎಂದು ನಕ್ಕಳು.

ಈಗ ಅದು ಅಟ್ಟದ ಮೇಲಿದೆ. ಜನ ನಿಂತು ನೋಡುವುದು ಖಾತ್ರಿಯಿರುವ ನನ್ನ ಪ್ರದರ್ಶನ ಇನ್ನು ಅದೊಂದೇ ಬಾಕಿ. ನಾನು ನಿಜಕ್ಕೂ ಹೋದ ದಿನ ಇಲಿಯಾಸನಿಗೆ ಹೇಳಿ ಆ ಮುಖವನ್ನು ತೆಗೆಸಿಬಿಡು ಎಂದು ಅವಳಿಗೆ ಹೇಳಿದ್ದೇನೆ.