ಅರಿಶಿನದ ದಾರ ಕಟ್ಟಿದ ಬಲೂನು

ಮೊನ್ನೆ ಸೊಸೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕತ್ತರಿಸಿ, ಎಳೆ ಬಿಚ್ಚದಿರಲೆಂದು ತುದಿಯನ್ನು ಗ್ಯಾಸಿನ ಉರಿಗೆ ಹಿಡಿದಳು. ಆ ಸುಟ್ಟ ವಾಸನೆಗೆ ಮೇಡಂ ನೆನಪಾದರು...

ಹೊಸಪೇಟೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಒಂದು ದಿನ ಬಂದು, ಕ್ಯಾಮೆರಾ ಇಟ್ಟ ಡಬ್ಬಿಯನ್ನು ಬಲೂನಿಗೆ ಕಟ್ಟಿ ಮೋಡಗಳಿಗಿಂತ ಮೇಲೆ ಕಳಿಸುತ್ತೇವೆ, ಬೇಕೆಂದಾಗ ಅದನ್ನು ಬಲೂನಿನಿಂದ ಬಿಡಿಸಲು ಏನಾದರೂ ಮಾಡಿಕೊಡಿ ಎಂದರು.

"ಮ್ಯಾಲ ಹೋಗೋದು ದೊಡ್ಡದಲ್ಲ ಅಣ್ಣಾ. ನಾವು ಬಿಡು ಅಂದಾಗ ಬಿಡಬೇಕು."

ಬಲೂನಿಗೂ ಪ್ಯಾರಾಚೂಟಿಗೂ ನಡುವೆ ನೈಲಾನ್ ಹಗ್ಗ, ಅದಕ್ಕೆ ಸುತ್ತಿದ ಹೀಟರ್ ಕಾಯಿಲಿನ ತಂತಿ. ಕೆಳಗಿನಿಂದ ರೇಡಿಯೋ ಸೂಚನೆ ಕೊಟ್ಟರೆ ತಂತಿ ಕಾದು ಹಗ್ಗ ಕರಗಿ ತುಂಡಾಗುತ್ತದೆ. ಡಬ್ಬಿ ಪ್ಯಾರಾಚೂಟಿನಲ್ಲಿ ಮೆಲ್ಲಗೆ ಇಳಿಯುತ್ತದೆ. ಅದು ಬುಕ್ಕಸಾಗರದ ಊರು ದಾಟಿ ಹೋದರೆ ಕಾಲೇಜಿನವರು ಮತ್ತೆ ಅನುಮತಿ ಕೊಡುವುದಿಲ್ಲ ಎಂದಿದ್ದರು. ಅಂಗಡಿಯಲ್ಲಿ ಎಷ್ಟು ಹಗ್ಗ ಸುಟ್ಟೆವೋ! ತುಂಡಾದಾಗಲೆಲ್ಲ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು, ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಬೈಯುತ್ತಿದ್ದಳು.

ಪಂಪ್‌ಸೆಟ್ಟು ರಿಪೇರಿಯಾದ ಮೇಲೆ ಅರಿಶಿನದ ದಾರ ಕಟ್ಟದೆ ಕೊಟ್ಟರೆ ನಮ್ಮ ಕಡೆಯ ರೈತರು ಒಯ್ಯುತ್ತಿರಲಿಲ್ಲ. ಅದೇ ಅಭ್ಯಾಸದಲ್ಲಿ, ಎಮ್ಮಿಗನೂರಿನ ಬಯಲಲ್ಲಿ ಬಲೂನು ಹಾರಿಸುವ ಮುಂಚೆ, ಐದೆಳೆ ದಾರವನ್ನು ಆ ಹಗ್ಗಕ್ಕೇ ಕಟ್ಟಿಬಿಟ್ಟೆ. ತಂತಿ ಸುತ್ತಿದ ಜಾಗಕ್ಕಿಂತ ಮೇಲೊಂದು ಗಂಟು, ಕೆಳಗೊಂದು ಗಂಟು. ಯಾರೂ ನೋಡಲಿಲ್ಲ.

ಮೇಡಂ ಸೂಚನೆ ಕೊಟ್ಟರು. ಬಲೂನು ಡಬ್ಬಿಯನ್ನು ಬಿಡಲಿಲ್ಲ, ಏರುತ್ತಲೇ ಹೋಯಿತು. ನಾವು ಜೀಪಿನಲ್ಲಿ ಅದರ ಹಿಂದೆ ಓಡಿದೆವು. ಕೊನೆಗೆ ಅದು ತಾನಾಗಿ ಒಡೆದು, ಡಬ್ಬಿ ಸಂಡೂರಿನ ಗುಡ್ಡಗಳಾಚೆ, ಚೋರನೂರಿನ ಒಂದು ಹೊಲದಲ್ಲಿ ಇಳಿಯಿತು. ಎಲ್ಲರಿಗಿಂತ ಮೊದಲು ಓಡಿದವನು ನಾನು. ಡಬ್ಬಿಯ ಪಕ್ಕ ಒಬ್ಬ ಅಜ್ಜಿ ಕಾವಲು ಕೂತಿದ್ದಳು.

"ಅರಿಶಿನ ಕಟ್ಟ್ಯಾರ, ನಮ್ಮ ಮಂದೀದೇ ಅಂತ ಧೈರ್ಯ ಬಂತಪ. ಇಲ್ಲಂದ್ರ ಕೊಡ್ಲಿ ತಗೊಂಡಿದ್ದೆ."

ತಂತಿ ತನ್ನ ಕೆಲಸ ಮಾಡಿತ್ತು. ನೈಲಾನ್ ಕರಗಿ ತುಂಡಾಗಿತ್ತು, ಕರಗದ ನನ್ನ ನೂಲಿನ ದಾರ ಮಾತ್ರ ಎರಡು ತುದಿಗಳನ್ನೂ ಹಿಡಿದುಕೊಂಡಿತ್ತು. ಅದನ್ನು ಕಿತ್ತು ಜೇಬಿಗೆ ತುರುಕಿದೆ. ಏದುಸಿರು ಬಿಡುತ್ತ ಬಂದ ಮೇಡಂ ಹಗ್ಗದ ತುದಿ ತಿರುಗಿಸಿ ನೋಡಿ, ಥಂಡಿಗೆ ಬ್ಯಾಟರಿ ಸೋತು ತಂತಿ ತಡವಾಗಿ ಕಾದಿರಬೇಕು, ತಪ್ಪು ನನ್ನದೇ ಎಂದರು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ...

ಯಾರಿಗೂ ಏನೂ ಆಗಿರಲಿಲ್ಲವೆಂದು, ಮೇಡಂ ಕಾಡಿ ಬೇಡಿದ ಮೇಲೆ, ಇನ್ನೊಂದು ಅವಕಾಶ ಸಿಕ್ಕಿತು. ಅದೇ ಬಯಲು, ಅದೇ ಜನ. ಬಲೂನು ಹಾರಿಸುವ ಮುಂಚೆ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಈ ಸಲ ದಾರ ಡಬ್ಬಿಗೆ ಕಟ್ರಿ ಅಣ್ಣಾ. ಹಗ್ಗಕ್ಕ ಬ್ಯಾಡ."

ಡಬ್ಬಿಯ ಕ್ಯಾಮೆರಾಗಳಲ್ಲಿ ಒಂದು ಮೇಲ್ಮುಖವಾಗಿತ್ತು. ಹಿಂದಿನ ಸಲದ ದಾರದ ಕತೆಯನ್ನೆಲ್ಲ ಅದು ಮೇಡಂಗೆ ತೋರಿಸಿತ್ತು. ನಾನು ಡಬ್ಬಿಗೆ ದಾರ ಕಟ್ಟಿದೆ.

ಸೂಚನೆ ಕೊಟ್ಟೊಡನೆ ಬಲೂನು ಬಿಟ್ಟಿತು! ಕಾಲೇಜಿನ ಹುಡುಗರು ಕುಣಿದರು, ನಾನೂ ಕುಣಿದೆ. ಡಬ್ಬಿ ಬುಕ್ಕಸಾಗರದ ಈಚೆಗೇ ಒಂದು ಗದ್ದೆಯಲ್ಲಿ ಇಳಿಯಿತು. ಮೇಡಂ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ಕೆಸರಿಗೆ ಇಳಿದು, ಡಬ್ಬಿಯನ್ನು ಕೂಸಿನಂತೆ ಎತ್ತಿಕೊಂಡು ಬಂದರು. ಅಂಥ ಸಂತೋಷದ ದಿನ ನನ್ನ ಬದುಕಿನಲ್ಲಿ ಬಹಳ ಇಲ್ಲ.

ಹೋದ ವರ್ಷ ಅವರು ತೀರಿಕೊಂಡರೆಂದು ಅವರ ಶಿಷ್ಯನೊಬ್ಬ ಫೋನ್ ಮಾಡಿ ತಿಳಿಸಿದ. ತಪ್ಪು ನನ್ನದೆಂದು ಅವರೆದುರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರೇನೂ ಬೈಯುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ನನಗೆ ಸಿಗಲಿಲ್ಲ.