ಕೆಂಚಿ ತಟ್ಟಿದ ಬರ್ಗರ್

ಕೊಡಗಿನ ಪಾಲಿಬೆಟ್ಟದ ಹತ್ತಿರ ರಮ್ಯ ನಡೆಸುವ ಹೋಂಸ್ಟೇಗೆ ಬಂದವರು ಮಧ್ಯಾಹ್ನಕ್ಕೆ ಬರ್ಗರ್ ಕೇಳದೆ ಇರುವುದು ಕಡಿಮೆ. ಹೆಸರು ರಮ್ಯಳದು. ತಟ್ಟುವುದು, ಬೇಯಿಸುವುದು ಎಲ್ಲ ಕೆಂಚಿ.

ಕೆಂಚಿ ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯವಳು. ಮಂಡಿನೋವು ಹೆಚ್ಚಾಗಿ ಕಾಫಿ ಪಿಕ್ಕಿಂಗಿಗೆ ಹೋಗಲಾಗದೆ ಈ ಅಡುಗೆಮನೆಗೆ ಬಂದಳು. ಆಗ ರಮ್ಯ ಮೊಬೈಲ್ ನೋಡಿಕೊಂಡು ಬರ್ಗರ್ ಕಲಿಯುತ್ತಿದ್ದಳು. ಕೊಚ್ಚಿದ ಕೋಳಿಮಾಂಸವನ್ನು ತಟ್ಟಿ ಕಾವಲಿಗೆ ಹಾಕಿದರೆ ಪುಡಿಪುಡಿಯಾಗುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಕೆಂಚಿ ಎರಡು ದಿನ ನೋಡಿದಳು. ಆಮೇಲೆ ತಡೆಯಲಾರದೆ, "ಒಂದು ಹಿಡಿ ಅನ್ನ ಹಿಸುಕಿ ಸೇರಿಸಿ ನೋಡಿ ಅಕ್ಕಾ" ಅಂದಳು. ಅನ್ನ ಮಾಂಸವನ್ನು ಹಿಡಿದುಕೊಂಡಿತು. ಕಾಳುಮೆಣಸು ಕುಟ್ಟಿ ಹಾಕಿದ್ದು, ಹುಳಿಗೆ ನಾಲ್ಕು ಹನಿ ಕಾಚಂಪುಳಿ ಬಿಟ್ಟದ್ದೂ ಅವಳೇ. ಅವತ್ತಿನಿಂದ ಅದು ಅವಳ ಕೆಲಸವಾಯಿತು. ಮೂರು ವರ್ಷವಾಯಿತು.

ಹೋದ ತಿಂಗಳು ಮೈಸೂರಿನಿಂದ ಯಮುನ ಅನ್ನುವ ನಿವೃತ್ತ ನರ್ಸ್ ಬಂದಿದ್ದರು. ಒಂದು ಬರ್ಗರ್ ಮುಗಿಸಿ ಇನ್ನೊಂದು ಕೇಳಿದರು. ತಂದಿಟ್ಟ ಕೆಂಚಿಯ ಕೈ ಹಿಡಿದು ಕೇಳಿದರು: "ನಿಮ್ಮ ಅಕ್ಕ ಎಷ್ಟು ಚೆನ್ನಾಗಿ ಮಾಡ್ತಾರೆ! ನಿನಗೂ ಇದು ಇಷ್ಟವೇನಮ್ಮ?"

"ಗೊತ್ತಿಲ್ಲಮ್ಮ. ತಿಂದಿಲ್ಲ."

ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ. ಆದರೆ ಮೇಜಿನ ಆ ತುದಿಯಲ್ಲಿದ್ದ ರಮ್ಯಳ ಮುಖಕ್ಕೆ ಬಿಸಿ ಏರಿತು. "ಅಯ್ಯೋ, ನಾಚಿಕೊಳ್ತಾಳೆ ಅಷ್ಟೇ. ಬೇಕಾದಷ್ಟು ತಿಂತಾಳೆ" ಅಂದುಬಿಟ್ಟಳು.

ಕೆಂಚಿ ಅವಳನ್ನೊಮ್ಮೆ ನೋಡಿದಳು. "ಹೌದಮ್ಮ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ "ಹೌದಮ್ಮ" ರಮ್ಯಳನ್ನು ಕೂರಲು ಬಿಡಲಿಲ್ಲ. ಬನ್ನು ಯಾವಾಗಲೂ ಅತಿಥಿಗಳ ಲೆಕ್ಕಕ್ಕೇ ತರುವುದು. ಕೆಂಚಿಯ ಊಟವೆಂದರೆ ಅನ್ನ, ಸಾರು, ಹಿಂದಿನ ಮೆಟ್ಟಿಲ ಮೇಲೆ, ಬೇರೆಯೇ ಒಂದು ತಟ್ಟೆಯಲ್ಲಿ. ಕೆಲಸದವರಿಗೆ ಅತ್ತೆಯ ಕಾಲದಿಂದ ಹಾಗೇ ಇತ್ತು. ಅದು ಸರಿಯೋ ತಪ್ಪೋ ಎಂದು ರಮ್ಯ ಯೋಚಿಸಿದ್ದೇ ಇಲ್ಲ.

ಒಳಗೆ ಹೋಗಿ ತನ್ನ ಪಾಲಿನ ಬರ್ಗರನ್ನು ಮುಂದೆ ಹಿಡಿದಳು. "ತಗೋ ಕೆಂಚಿ. ಇಲ್ಲೇ ಕೂತು ತಿನ್ನು."

ಕೆಂಚಿ ತೆಗೆದುಕೊಂಡಳು, ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತು ನಿಧಾನಕ್ಕೆ ಅಗಿದಳು. "ಮೆಣಸು ಜಾಸ್ತಿ ಆಗಿದೆಯಲ್ಲ ಅಕ್ಕಾ! ಇಷ್ಟು ದಿನ ಒಬ್ಬರೂ ಹೇಳಲಿಲ್ವಾ?"

ರಮ್ಯಳಿಗೆ ಕ್ಷಮೆ ಕೇಳೋಣವೆಂದರೆ ಯಾವುದಕ್ಕೆ ಮೊದಲು ಎಂದು ತಿಳಿಯಲಿಲ್ಲ.

ಸಂಜೆ ಯಮುನ ಹೊರಟಾಗ ರಮ್ಯ ಕಾರಿನ ತನಕ ಹೋದಳು. ಬರ್ಗರ್ ನನ್ನದಲ್ಲ, ಕೆಂಚಿಯದು, ಮಧ್ಯಾಹ್ನ ನಾನು ಸುಳ್ಳು ಹೇಳಿದೆ. ಇಷ್ಟನ್ನೇ ಹೇಳಬೇಕಿತ್ತು. ಯಮುನ ಕಿಟಕಿ ಇಳಿಸಿ, "ಏನಾದರೂ ಹೇಳಬೇಕಿತ್ತಾ?" ಎಂದು ಕೇಳಿದರು ಕೂಡ.

"ಏನಿಲ್ಲ, ಇನ್ನೊಮ್ಮೆ ಬನ್ನಿ" ಅಂದಳು ರಮ್ಯ.