ಕರಿಯ ಬೊಗಳದ ಹನ್ನೊಂದು ದಿನ

ಕಳೆದ ಮಂಗಳವಾರ ಬೆಳಿಗ್ಗೆ 10:35ಕ್ಕೆ ಚನ್ನಗಿರಿಯ ನಮ್ಮ ಮನೆಯ ಬೀಗ ತೆಗೆದಾಗ ಕರಿಯ ಬಾಗಿಲಿಗೆ ಬರಲಿಲ್ಲ.

ಅವನು ನಡುಮನೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಎರಡು ಕಡೆ ವಾಂತಿ, ಒಂದು ಕಡೆ ಭೇದಿ. ಹೆಸರು ಹಿಡಿದು ಕರೆದಾಗ ಬಾಲ ಅಲ್ಲಾಡಿಸಿದ. ಎದ್ದು ನಿಲ್ಲಲು ಹೋದ. ಹಿಂಗಾಲು ನಡುಗಿ ಕುಸಿದುಬಿದ್ದ.

ಅವನ ಸುತ್ತ ಅಡಿಕೆಯ ಸಿಪ್ಪೆ, ನಾರು ಚೆಲ್ಲಾಪಿಲ್ಲಿ. ಬೆಳಿಗ್ಗೆ ನಾನೇ ಐದು ಅಡಿಕೆ ಇಟ್ಟು ಹೋಗಿದ್ದೆ. ಎರಡು ಹಾಗೇ ಬಿದ್ದಿದ್ದವು. ಮೂರರ ಸಿಪ್ಪೆ ಮಾತ್ರ ಇತ್ತು. ಒಳಗಿನ ಅಡಿಕೆ ಇರಲಿಲ್ಲ.

ನಾಯಿಗೆ ಯಾರಾದರೂ ಅಡಿಕೆ ಕೊಡುತ್ತಾರೆಯೇ? ಕೊಡುತ್ತಾರೆ. ನಾನು ಕೊಟ್ಟೆ. ಏಕೆ ಕೊಟ್ಟೆ ಎಂಬುದೇ ಈ ವಾರದ ಬರಹ. ಸಿಟ್ಟಿನಲ್ಲಿ ಬರೆಯಬಾರದು ಎಂದು ಹೊಸ ವರದಿಗಾರರಿಗೆ ಹೇಳಿಕೊಡುವವನು ನಾನು. ಅದಕ್ಕೇ ಮೂರು ದಿನ ಕಾದೆ. ಸಿಟ್ಟು ಇಳಿಯಲಿಲ್ಲ. ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವಿಬ್ಬರೇ. ನನ್ನ ಹೆಂಡತಿ ಶೈಲಾ ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಆರಕ್ಕೆ. ನಾನು ಇವತ್ತು ನ್ಯಾಮತಿ, ನಾಳೆ ಜಗಳೂರು. ಸುದ್ದಿ ಎಲ್ಲಿದೆಯೋ ಅಲ್ಲಿ. ಕರಿಯನಿಗೆ ಮೂರು ವರ್ಷ. ಉಬ್ರಾಣಿಗೆ ಬೆಳೆಹಾನಿ ವರದಿ ಮಾಡಲು ಹೋಗಿದ್ದಾಗ ರೈತರೊಬ್ಬರು ಕೈಚೀಲದಲ್ಲಿ ಹಾಕಿ ಕೊಟ್ಟ ಮರಿ. (ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.) ದಿನಕ್ಕೆ ಒಂಬತ್ತು ಗಂಟೆ ಅವನು ಒಬ್ಬನೇ ಮನೆಯಲ್ಲಿರುತ್ತಾನೆ.

ಒಂಬತ್ತು ಗಂಟೆ ಒಂದು ನಾಯಿ ಏನು ಮಾಡಬೇಕು?

ಕರಿಯನಿಗೆ ಒಂದು ಕೆಲಸವಿತ್ತು. ಬೀದಿ ಕಡೆಯ ಕಿಟಕಿಯ ಕಟ್ಟೆ ಅಗಲವಾಗಿದೆ. ಅದರ ಮೇಲೆ ಮುಂಗಾಲಿಟ್ಟು ನಿಲ್ಲುತ್ತಿದ್ದ. ಹಾಲಿನವನಿಗೆ ಒಮ್ಮೆ ಬೊಗಳುವುದು. ಗ್ಯಾಸ್ ಸಿಲಿಂಡರ್ ಗಾಡಿಗೆ ಹತ್ತು ಸಲ. ಎದುರು ಕಾಂಪೌಂಡಿನ ಬೆಕ್ಕಿಗೆ ಲೆಕ್ಕವಿಲ್ಲ. ನನಗೆ ಪೇಪರ್ ಹೇಗೋ ಅವನಿಗೆ ಆ ಕಿಟಕಿ ಹಾಗೆ. ಬೀದಿಯ ಸುದ್ದಿಯೆಲ್ಲ ಅಲ್ಲೇ ಸಿಗುತ್ತಿತ್ತು, ಅಲ್ಲಿಂದಲೇ ಪ್ರಕಟವೂ ಆಗುತ್ತಿತ್ತು.

ಎದುರು ಮನೆಯ ಗಿರಿಜಕ್ಕ ಟೈಲರಿಂಗ್ ಮಾಡುತ್ತಾರೆ. ಮೊಮ್ಮಗುವನ್ನು ನೋಡಿಕೊಳ್ಳುವುದೂ ಅವರೇ. ಒಂದು ಸಂಜೆ ನಾನು ಬೈಕ್ ನಿಲ್ಲಿಸುವುದನ್ನೇ ಕಾಯುತ್ತಿದ್ದವರಂತೆ ಗೇಟಿಗೆ ಬಂದರು.

‘ಪೇಪರ್ ಸಾರ್, ಊರಿನ ಕಷ್ಟ ಎಲ್ಲಾ ಬರೀತೀರಿ. ಎದುರು ಮನೆ ಕಷ್ಟ ಯಾವಾಗ ಬರೀತೀರಿ?’

‘ಏನಾಯ್ತು ಗಿರಿಜಕ್ಕ?’

‘ಇನ್ನೇನಾಗಬೇಕ್ರೀ? ಮಗೂನ ಮಲಗಿಸಾಕೆ ಒಂದು ಗಂಟೆ ತೊಟ್ಲು ತೂಗ್ತೀನಿ. ಕಣ್ಣು ಮುಚ್ಚಿತು ಅನ್ನೋದ್ರಾಗೆ ನಿಮ್ಮ ಕರಿಯಪ್ಪ ಶುರು ಮಾಡ್ತಾನೆ. ಏನಾದ್ರೂ ಮಾಡ್ರಿ ಸಾರ್.’

ಅವರ ದೂರು ನ್ಯಾಯವಾದದ್ದೇ. ಮರುದಿನವೇ ‘ಏನಾದರೂ’ ಮಾಡಿದೆವು. ಕಿಟಕಿ ಮುಚ್ಚಿದೆವು. ಚಿಲಕ ಹಾಕಿದೆವು. ಕರಿಯ ಅಲ್ಲಿಗೆ ಹೋಗದಂತೆ ಕಟ್ಟೆಗೆ ಅಡ್ಡಲಾಗಿ ಟ್ರಂಕ್ ಇಟ್ಟೆವು.

ಬೊಗಳುವುದು ನಿಲ್ಲಲಿಲ್ಲ. ಈಗ ಮುಚ್ಚಿದ ಮನೆಯೊಳಗಿಂದ ಊಳಿಡಲು ಶುರು ಮಾಡಿದ.

ಅಲ್ಲಿಂದ ಮುಂದೆ ನಮ್ಮದು ಪ್ರಯೋಗಶಾಲೆ. ಮೊಬೈಲಿನಲ್ಲಿ ಹುಡುಕಿದೆ. ಒಂಟಿ ನಾಯಿಯ ಬೇಸರ ಕಳೆಯಲು ಹತ್ತು ಉಪಾಯ, ಇಪ್ಪತ್ತು ಉಪಾಯ. ರೇಡಿಯೋ ಹಚ್ಚಿಟ್ಟು ಹೋಗಿ ಎಂದರು. ಹಚ್ಚಿಟ್ಟೆವು. ಕರಿಯ ರೇಡಿಯೋದ ವೈರ್ ಕಡಿದ. ಪ್ಲಾಸ್ಟಿಕ್ ಬಾಟಲಿಗೆ ಕಾಳು ತುಂಬಿಸಿ ಕೊಡಿ ಎಂದರು. ಹತ್ತು ನಿಮಿಷದಲ್ಲಿ ಬಾಟಲಿ ಸೀಳಿ, ಕಾಳನ್ನು ಮನೆಯೆಲ್ಲ ಹರಡಿದ. ಆಮೇಲೆ ಎಳನೀರು ಚಿಪ್ಪು, ಹಗ್ಗದ ಗಂಟು, ನನ್ನ ಹಳೇ ಚಪ್ಪಲಿ. (ಹೊಸ ಚಪ್ಪಲಿಯನ್ನು ಅವನೇ ಸೇರಿಸಿಕೊಂಡ.) ಒಂದೊಂದೂ ಅರ್ಧ ದಿನ. ಆಮೇಲೆ ಮತ್ತೆ ಊಳು.

ಆಗ ಬಂದರು ರುದ್ರೇಶಣ್ಣ. ನಮ್ಮ ಬೀದಿಯ ತುದಿಯಲ್ಲಿ ಅವರ ಮನೆ. ಅಡಿಕೆ ವ್ಯಾಪಾರಿ. ಎಲ್ಲದಕ್ಕೂ ಅವರಲ್ಲಿ ಪರಿಹಾರವಿರುತ್ತದೆ.

‘ಅಯ್ಯೋ, ಇದಕ್ಯಾಕ್ರೀ ಇಷ್ಟು ಒದ್ದಾಡ್ತೀರಿ? ನಾಕು ಗೋಟು ಬಿಸಾಕಿ ಹೋಗ್ರಿ. ಸಂಜೆತನಕ ಕಡೀತಾ ಕುಂತಿರ್ತೈತೆ.’

ಗೋಟು ಎಂದರೆ ಮರದಲ್ಲೇ ಹಣ್ಣಾಗಿ, ಸಿಪ್ಪೆ ಸಮೇತ ಒಣಗಿದ ಅಡಿಕೆ. ಮೇಲೆ ಗಟ್ಟಿ ನಾರು, ಒಳಗೆ ಇನ್ನೂ ಗಟ್ಟಿ ಕಾಯಿ.

‘ನಾಯಿಗೆ ಏನೂ ಆಗಲ್ವಾ?’ ಎಂದೆ.

‘ಏನಾಗ್ತೈತೆ? ನಮ್ಮಪ್ಪನ ಕಾಲದಾಗೆ ನಾಯಿಗೆ ಜಂತು ಆದ್ರೆ ಅಡಿಕೆ ಪುಡೀನೇ ಔಷಧಿ. ಬೆಲ್ಲದಾಗೆ ಕಲಸಿ ತಿನ್ನಿಸ್ತಿದ್ರು. ಒಳ್ಳೇದೇ ಆಗ್ತೈತೆ ತಗಳ್ರಿ.’

ರಾತ್ರಿ ಊಟಕ್ಕೆ ಕೂತಾಗ ಶೈಲಾ ಒಂದೇ ಪ್ರಶ್ನೆ ಕೇಳಿದಳು. ‘ಡಾಕ್ಟರನ್ನ ಒಂದು ಮಾತು ಕೇಳಿದ್ರಾ?’

ನಾನು ಕೊಟ್ಟ ಉತ್ತರವನ್ನು ಒಂದಕ್ಷರ ಬದಲಿಸದೆ ದಾಖಲಿಸುತ್ತೇನೆ. ‘ಇಡೀ ತಾಲ್ಲೂಕೇ ಅಡಿಕೆ ಅಗೀತದೆ. ನಾಯಿಗೇನಾಗುತ್ತೆ?’

ಇಪ್ಪತ್ತು ವರ್ಷದಿಂದ ಸುದ್ದಿಮನೆಯಲ್ಲಿದ್ದೇನೆ. ಕಾಲುವೆಗೆ ನೀರು ಬಿಟ್ಟರು ಎಂಬ ಎರಡು ಸಾಲಿನ ಸುದ್ದಿಗೂ ಎರಡು ಕಡೆ ವಿಚಾರಿಸುತ್ತೇನೆ. ಒಬ್ಬರೇ ಹೇಳಿದ್ದನ್ನು ಹಾಕಬೇಡ ಎಂದು ಎಷ್ಟು ಹುಡುಗರ ಕಾಪಿಯನ್ನು ವಾಪಸ್ ಕಳಿಸಿಲ್ಲ? ನನ್ನ ನಾಯಿಯ ಹೊಟ್ಟೆಗೆ ಹೋಗುವುದಕ್ಕೆ ಮಾತ್ರ ರುದ್ರೇಶಣ್ಣನ ಅಪ್ಪನ ಕಾಲ ಸಾಕಾಯಿತು.

ಹಿಂದಿನ ವಾರದ ಸೋಮವಾರ ಎರಡು ಗೋಟು ಇಟ್ಟು ಹೋದೆ. ಸಂಜೆ ಬಂದಾಗ ಗಿರಿಜಕ್ಕ ಗೇಟಿಗೆ ಬರಲಿಲ್ಲ. ಮಂಗಳವಾರ, ಬುಧವಾರವೂ ಬರಲಿಲ್ಲ. ಗುರುವಾರ ಅವರೇ ಕರೆದು ಹೇಳಿದರು. ‘ಏನ್ ಮಂತ್ರ ಹಾಕಿದ್ರಿ ಸಾರ್? ಮನೇಲಿ ನಾಯಿ ಐತೋ ಇಲ್ವೋ ಅನ್ನಂಗಾಗೈತೆ!’

ಬೀದಿಯವರೆಲ್ಲ ಮೆಚ್ಚಿದರು. ‘ಬಾಳ ಒಳ್ಳೇ ನಾಯಿ ಆಗೈತೆ ಬಿಡ್ರಿ’ ಎಂದು ಒಬ್ಬರು ಬೆನ್ನು ತಟ್ಟಿದರು. ನನ್ನ ಬೆನ್ನು, ನಾಯಿಯದ್ದಲ್ಲ. ನಾನೂ ಹಿಗ್ಗಿದೆ. ಹೊನ್ನಾಳಿಯ ಗೆಳೆಯರೊಬ್ಬರಿಗೆ ಫೋನಿನಲ್ಲಿ ಇದೇ ಉಪಾಯವನ್ನು ಹೇಳಿಯೂ ಬಿಟ್ಟೆ. (ಮಂಗಳವಾರ ಮಧ್ಯಾಹ್ನ ಮೊದಲು ಮಾಡಿದ ಫೋನ್ ಅವರಿಗೇ. ಅವರು ಇನ್ನೂ ಕೊಟ್ಟಿರಲಿಲ್ಲ.)

ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಭಾನುವಾರ ನಾವಿಬ್ಬರೂ ಮನೆಯಲ್ಲಿದ್ದೆವು. ಅವತ್ತು ಗೋಟು ಕೊಟ್ಟಿರಲಿಲ್ಲ. ಆದರೂ ಕರಿಯ ಬೊಗಳಲಿಲ್ಲ. ಗ್ಯಾಸ್ ಗಾಡಿ ಬಂದು ಹೋಯಿತು. ಕಿವಿ ಎತ್ತಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟ. ನಾವು ಏನೆಂದುಕೊಂಡೆವು ಗೊತ್ತೇ? ಬುದ್ಧಿ ಬಂತು ಎಂದುಕೊಂಡೆವು.

ದೂರು ಬರದಿದ್ದರೆ ಸಮಸ್ಯೆಯೇ ಇಲ್ಲ ಎನ್ನುವ ಕಚೇರಿಗಳ ಬಗ್ಗೆ ಇದೇ ಜಾಗದಲ್ಲಿ ಎಷ್ಟು ಸಲ ಬರೆದಿಲ್ಲ? ನಲ್ಲಿಯಲ್ಲಿ ನೀರಿಲ್ಲ ಎಂದು ಕೂಗಿ ಕೂಗಿ ಸುಸ್ತಾಗಿ ಜನ ಸುಮ್ಮನಾದರೆ, ಕಡತದಲ್ಲಿ ‘ದೂರುಗಳಿಲ್ಲ’ ಎಂದು ಬರೆಯುತ್ತಾರಲ್ಲ, ಅವರಿಗೂ ನನಗೂ ಏನು ವ್ಯತ್ಯಾಸ? ಅಳುವ ಮಗುವಿನ ಕೈಗೆ ಮೊಬೈಲ್ ಕೊಡುತ್ತೇವೆ. ಬೊಗಳುವ ನಾಯಿಯ ಬಾಯಿಗೆ ಗೋಟು ಕೊಡುತ್ತೇವೆ. ಸದ್ದು ನಿಂತಿತೋ, ಕೆಲಸ ಮುಗಿಯಿತು. ಯಾಕೆ ಅಳುತ್ತಿತ್ತು, ಯಾಕೆ ಬೊಗಳುತ್ತಿತ್ತು ಎಂದು ಕೇಳುವ ವ್ಯವಧಾನ ಯಾರಿಗಿದೆ?

ಮಂಗಳವಾರಕ್ಕೆ ಬರುತ್ತೇನೆ. ಅಂದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕುರಿಗಾಹಿಗಳ ಸಭೆಯಿತ್ತು. ದೂರದ ದಾರಿ, ಬರುವುದು ರಾತ್ರಿಯಾಗುತ್ತದೆ. ಹಾಗಾಗಿ ಎರಡರ ಬದಲು ಐದು ಗೋಟು ಇಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟೆ. ತ್ಯಾವಣಿಗೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸಭೆ ಮುಂದೂಡಿದ್ದಾರೆ ಎಂದು ಫೋನ್ ಬಂತು. ಸಂಘಟಕರಿಗೆ ನಾಲ್ಕು ಮಾತು ಬೈದೇ ಬೈಕ್ ತಿರುಗಿಸಿದೆ.

ಅವರು ಸಭೆ ಮುಂದೂಡದಿದ್ದರೆ ನಾನು ಬೀಗ ತೆಗೆಯುತ್ತಿದ್ದದ್ದು ರಾತ್ರಿ. ಶೈಲಾ ಬರುತ್ತಿದ್ದದ್ದು ಆರಕ್ಕೆ. ಕರಿಯನಿಗೆ ಅಷ್ಟು ಹೊತ್ತು ಇರಲಿಲ್ಲ.

ಇದನ್ನು ನಾನು ಹೇಳುತ್ತಿಲ್ಲ. ಪಶು ವೈದ್ಯೆ ಹೇಳಿದರು. ಆಟೋದಲ್ಲಿ ಕರಿಯನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ಮಲಗಿಸಿದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರು. ಟಾರ್ಚ್ ಹಿಡಿದು ಕಣ್ಣು ನೋಡಿದರು.

‘ಏನು ತಿಂದಿದೆ?’

ಹೇಳಿದೆ.

‘ಎಲ್ಲಿ ಸಿಕ್ಕಿತು ಅದಕ್ಕೆ?’

ಅದನ್ನೂ ಹೇಳಿದೆ. ಅವರು ಬೈಯಲು ಸಮಯ ವ್ಯರ್ಥ ಮಾಡಲಿಲ್ಲ. ಇಂಜೆಕ್ಷನ್ ಕೊಟ್ಟರು. ಕಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಎದೆಬಡಿತ ತೀರಾ ನಿಧಾನವಾಗಿದೆ ಎಂದು ಸಹಾಯಕರಿಗೆ ಹೇಳುವುದು ಕೇಳಿಸಿತು. ಬಡಿತ ಮೇಲೆ ಬರುವವರೆಗೆ ಪಕ್ಕದಲ್ಲೇ ನಿಂತಿದ್ದರು. ಬೈದದ್ದು ಅದಾದ ಮೇಲೆ.

‘ಅಡಿಕೆ ಪುಡಿ ಜಂತಿಗೆ ಔಷಧಿಯಂತೆ ಅಲ್ವಾ ಮೇಡಂ?’ ಎಂದು ಕೇಳುವ ಧೈರ್ಯವನ್ನು ಅಷ್ಟರಲ್ಲಿ ನಾನು ಮಾಡಿದ್ದೆ.

‘ಹೌದು, ಹಿಂದೆ ಕೊಡ್ತಿದ್ರು. ಜಂತು ಸಾಯ್ತಿತ್ತು. ಎಷ್ಟೋ ಸಲ ನಾಯೀನೂ ಸಾಯ್ತಿತ್ತು. ಸತ್ತ ನಾಯಿ ಬಗ್ಗೆ ಯಾರೂ ಹೇಳಲ್ಲ, ಜಂತಿನ ಬಗ್ಗೆ ಮಾತ್ರ ಹೇಳ್ತಾರೆ. ಜಂತನ್ನ ಕೊಲ್ಲೋದು ಅಂದ್ರೆ ಅದು ವಿಷ ತಾನೇ? ವಾರದಿಂದ ಕೊಡ್ತಾ ಇದೀರಿ. ಇವತ್ತು ಒಟ್ಟಿಗೆ ಮೂರು ಒಡೆದು ತಿಂದಿದೆ.’

ಜಾರಿದ್ದ ಬೆಡ್‌ಶೀಟನ್ನು ಕರಿಯನ ಮೇಲೆ ಎಳೆದೆ.

‘ಸಾರ್, ನೀವು ಪೇಪರ್‌ನವರಲ್ವಾ? ಬರೆಯೋಕೆ ಮುಂಚೆ ನಾಲ್ಕು ಜನರನ್ನ ಕೇಳ್ತೀರಿ. ಅದರ ಬಾಯಿಗೆ ಇಡೋಕೆ ಮುಂಚೆ ಒಬ್ಬರನ್ನ ಕೇಳಬಾರದಿತ್ತಾ?’



ಮನೆಗೆ ಕರೆದುಕೊಂಡು ಹೋಗಲು ಬಿಟ್ಟದ್ದು ಸಂಜೆ ಐದಕ್ಕೆ. ಎರಡು ದಿನ ಕಳೆಯಬೇಕು, ಎದ್ದು ಓಡಾಡಿ ತಿಂದರೆ ಗೆದ್ದ ಹಾಗೆ ಎಂದರು. ಒಂಟಿ ಇರುವಾಗ ಏನು ಕೊಡುವುದು ಎಂದು ಕೇಳಿದೆ. ‘ಬೆಳಿಗ್ಗೆ ಹೋಗೋ ಮುಂಚೆ ಮುಕ್ಕಾಲು ಗಂಟೆ ವಾಕ್ ಕೊಡಿ. ಆಮೇಲೆ ನೋಡೋಕೆ ಏನಾದ್ರೂ ಇರಲಿ. ಮನೇಲಿ ಕಿಟಕಿ ಇಲ್ವಾ?’ ಎಂದರು.

ಇತ್ತು. ಅದರ ಮುಂದೆ ಟ್ರಂಕ್ ಇತ್ತು.

ರುದ್ರೇಶಣ್ಣನಿಗೆ ವಿಷಯ ತಿಳಿಸಿದೆ. ಸಿಟ್ಟು ತೋರಿಸಲಿಲ್ಲ, ವಿಷಯವನ್ನಷ್ಟೇ ಹೇಳಿದೆ. ಬೇರೆಯವರಿಗೆ ಇದೇ ಸಲಹೆ ಕೊಡಬೇಡಿ ಎಂದೆ. ‘ಎಲ್ಲಾ ನಾಯಿಗೂ ಹಂಗಾಗಲ್ಲ ಬಿಡ್ರಿ. ನಿಮ್ಮದು ಸ್ವಲ್ಪ ವೀಕ್ ಇರಬೇಕು’ ಎಂದರು. ಅವರ ಅಪ್ಪನ ನಾಯಿಗಳಲ್ಲಿ ಎಷ್ಟು ‘ವೀಕ್’ ಇದ್ದವೋ, ಯಾರು ಬಲ್ಲರು? ನಮ್ಮ ಕಡೆ ಎಲ್ಲಕ್ಕೂ ಅಡಿಕೆಯೇ. ತಾಂಬೂಲಕ್ಕೂ ಅದೇ, ಪಂಚಾಯಿತಿ ಕಟ್ಟೆಯ ಮಾತಿಗೂ ಅದೇ, ಔಷಧಿಗೂ ಅದೇ. ನಮ್ಮ ಬದುಕು ನಡೆಸುವ ಬೆಳೆ ಯಾರಿಗಾದರೂ ಕೆಟ್ಟದ್ದು ಮಾಡೀತು ಎಂಬುದು ನಮ್ಮ ತಲೆಗೇ ಹೋಗುವುದಿಲ್ಲ. ನನ್ನ ತಲೆಗೂ ಹೋಗಲಿಲ್ಲ. ರುದ್ರೇಶಣ್ಣ ಮಾತು ಹೇಳಿದರು, ಗೋಟು ಇಟ್ಟ ಕೈ ನನ್ನದು.

ಬುಧವಾರ ಬೆಳಿಗ್ಗೆ ಟ್ರಂಕ್ ಸರಿಸಿ ಕಿಟಕಿ ತೆರೆದೆ. ಗಿರಿಜಕ್ಕ ಎದುರಿನಲ್ಲೇ ಬಟ್ಟೆ ಒಣಹಾಕುತ್ತಿದ್ದರು. ‘ಇನ್ನು ಮೇಲೆ ಇದನ್ನ ಮುಚ್ಚಲ್ಲ ಗಿರಿಜಕ್ಕ’ ಎಂದೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

ಅವರು ಹಿಂಡುತ್ತಿದ್ದ ಸೀರೆಯನ್ನು ಬಕೆಟಿಗೆ ಹಾಕಿದರು.

‘ಮುಚ್ಚಿ ಅಂತ ನಾನ್ಯಾವಾಗ ಅಂದೆ ಸಾರ್? ಮಗು ಮಲಗೋದು ಒಂದರಿಂದ ಮೂರು. ಆ ಎರಡು ತಾಸು ಸುಮ್ನಿದ್ರೆ ಸಾಕಿತ್ತು. ನೀವು ಕೇಳಿದ್ರೆ ತಾನೇ ಹೇಳಾಕೆ?’

ನಾನು ಕೇಳಿರಲಿಲ್ಲ. ‘ಯಾವ ಹೊತ್ತಿನಲ್ಲಿ?’ ಎಂಬುದು ವರದಿಗಾರ ಕಲಿಯುವ ಮೊದಲ ಪ್ರಶ್ನೆಗಳಲ್ಲೊಂದು.

ಬುಧವಾರ, ಗುರುವಾರ ಶೈಲಾ ರಜೆ ಹಾಕಿದಳು. ಬುಧವಾರ ಕರಿಯ ನೀರು ಮಾತ್ರ ಕುಡಿದ. ಗುರುವಾರ ಬೆಳಿಗ್ಗೆ ಮೊಸರನ್ನ ನೆಕ್ಕಿದ. ಸಂಜೆ ತಟ್ಟೆ ಖಾಲಿ ಮಾಡಿದ. ಎದ್ದು ಬಾಗಿಲವರೆಗೆ ಹೋಗಿ ಬಂದ. ಕಿಟಕಿಯ ಹತ್ತಿರ ಹೋಗಲಿಲ್ಲ. ಗ್ಯಾಸ್ ಗಾಡಿ ಬಂತು, ಸುಮ್ಮನೆ ಮಲಗಿದ್ದ. ‘ಬೊಗಳೋದನ್ನೇ ಮರೆತುಬಿಟ್ನಾ ಇವನು?’ ಎಂದು ಶೈಲಾ ಕೇಳಿದಳು. ಅಂದೇ ಮತ್ತೆ ಕರೆದೊಯ್ದಾಗ ಪರೀಕ್ಷಿಸಿದ ವೈದ್ಯೆ, ಶುಕ್ರವಾರ ನೀವು ಕೆಲಸಕ್ಕೆ ಹೋಗಬಹುದು, ಗಂಟಲಿಗೇನೂ ಆಗಿಲ್ಲ, ಕಾಯಿರಿ ಎಂದರು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಎದ್ದು ಕರಿಯನನ್ನು ಕೆರೆ ಕಡೆ ನಡೆಸಿಕೊಂಡು ಹೋದೆ. ನಿಧಾನವಾಗಿ ನಡೆದ. ಮನೆಗೆ ಬಂದ ಮೇಲೆ ಕಿಟಕಿ ತೆರೆದಿಟ್ಟು, ಕಟ್ಟೆಯ ಕೆಳಗೆ ಅವನ ಗೋಣಿಚೀಲ ಹಾಸಿ, ಬೀಗ ಹಾಕಿಕೊಂಡು ಇಬ್ಬರೂ ಹೊರಟೆವು.

ಮಧ್ಯಾಹ್ನ ನಾನು ನ್ಯಾಮತಿಯ ತಾಲ್ಲೂಕು ಕಚೇರಿಯಲ್ಲಿದ್ದಾಗ ಗಿರಿಜಕ್ಕನ ಫೋನ್ ಬಂತು.

‘ಪೇಪರ್ ಸಾರ್, ನಿಮ್ಮ ಕರಿಯ ಕಿಟಕೀಲಿ ನಿಂತು ಬೊಗಳ್ತಾ ಐತೆ. ಮಗು ಎದ್ದು ಕುಂತೈತೆ.’

ಆಗ ಸಮಯ 1:40.